ಕಾಲಿಗೆ ಬೆಲ್ಲ, ಕೈಗೆ ಕೂಲಿ

ಇಂದ್ರಾಣಿ ಹುಟ್ಟುವಾಗ ಮೊದಲು ಹೊರಗೆ ಬಂದದ್ದು ಅವಳ ಪಾದಗಳು. ಬೂದಿಕೋಟೆಯಲ್ಲಿ ಅದು ಸಣ್ಣ ಸುದ್ದಿಯಲ್ಲ. ಕಾಲು ಮುಂದಾಗಿ ಹುಟ್ಟಿದವರು ತುಳಿದರೆ ಸೊಂಟದ ಉಳುಕು ಬಿಡುತ್ತದೆ ಎಂದು ಆ ಕಡೆಯವರು ನಂಬುತ್ತಾರೆ. ಹಾಗಾಗಿ ಮಗುವಿಗೆ ನಿಲ್ಲಲು ಬಂದದ್ದೇ ತಡ, ಊರು ಅದಕ್ಕೊಂದು ಕೆಲಸ ಕೊಟ್ಟಿತು.

ಆ ಕೆಲಸಕ್ಕೆ ಕಟ್ಟುಪಾಡುಗಳಿದ್ದವು. ಹೊತ್ತು ಮೂಡುವ ಮೊದಲು ಬರಬೇಕು, ಬಾಯಿಗೆ ನೀರೂ ಬಿದ್ದಿರಬಾರದು. ಬಂದವರು ಮನೆಯ ಮುಂದೆ ಗೋಣಿಚೀಲ ಹಾಸಿಕೊಂಡು ಬೋರಲು ಮಲಗುತ್ತಿದ್ದರು. ತಾಯಿ ಆದಿಲಕ್ಷ್ಮಮ್ಮ ನಿದ್ದೆಗಣ್ಣಿನ ಮಗಳನ್ನು ಎತ್ತಿ ತಂದು, ಎರಡೂ ರಟ್ಟೆ ಹಿಡಿದು, ನೋಯುವ ಸೊಂಟದ ಮೇಲೆ ಮೆಲ್ಲಗೆ ಇಳಿಸುತ್ತಿದ್ದಳು. ಮೂರು ಸಲ ತುಳಿದರೆ ಮುಗಿಯಿತು. ಒಮ್ಮೆ ಮಗು ಆ ಬೆನ್ನ ಮೇಲೆಯೇ ಕುಳಿತು ನಿದ್ದೆಹೋಯಿತಂತೆ. ಆ ಬೆನ್ನು ದೂರದ ಸಂಬಂಧದ ಸೋದರಮಾವ ಕೋದಂಡಪ್ಪನದು. ಟೊಮೆಟೊ ಕ್ರೇಟು ಎತ್ತಿ ಇಳಿಸುವ ಕೂಲಿಯವನಿಗೆ ಸೊಂಟ ಹಿಡಿಯಲು ಕಾರಣ ಬೇಕೇ? "ಎಬ್ಬಿಸ್ಬೇಡಕ್ಕ, ಬೆಚ್ಚಗೈತೆ" ಎಂದು ಅವನು ಬಿಸಿಲು ಬರುವವರೆಗೆ ಅಲ್ಲಾಡದೆ ಮಲಗಿದ್ದನಂತೆ.

ಎಲ್ಲಕ್ಕಿಂತ ದೊಡ್ಡ ಕಟ್ಟುಪಾಡು ಕೊನೆಯದು. ಇದಕ್ಕೆ ಯಾರೂ ಕಾಸು ಕೊಡಬಾರದು, ತೆಗೆದುಕೊಳ್ಳಲೂಬಾರದು. ತೆಗೆದುಕೊಂಡರೆ ಕಾಲಿನ ಗುಣ ಹೋಗುತ್ತದೆ. ಮಗುವಿನ ಕೈಗೆ ಒಂದು ಚೂರು ಬೆಲ್ಲ ಇಡಬಹುದು, ಅಷ್ಟೇ. ಇಂದ್ರಾಣಿಗೆ ತನ್ನ ಬಾಲ್ಯವೆಂದರೆ ಈಗಲೂ ನಾಲಿಗೆಯ ಮೇಲೆ ಕರಗುವ ಬೆಲ್ಲ, ಅಂಗಾಲಿನ ಕೆಳಗೆ ಯಾರದೋ ಬೆಚ್ಚನೆಯ ಬೆನ್ನು.

ಬೆಳೆದಂತೆ ಅವಳ ತೂಕವೂ ಬೆಳೆಯಿತು. ಆಮೇಲೆ ತುಳಿಯುವುದು ಹೋಗಿ, ಕಾಲು ಮುಟ್ಟಿಸುವುದಷ್ಟೇ ಉಳಿಯಿತು. ಆ ಕಾಲು ಕಬಡ್ಡಿಗೆ ಇಳಿಯಿತು, ಬಂಗಾರಪೇಟೆಯ ಕಾಲೇಜಿಗೆ ಕಪ್ಪು ತಂದಿತು, ಕೊನೆಗೆ ಚಿನ್ನದ ಗಣಿ ಪ್ರದೇಶವಾದ ನಂದಿದುರ್ಗದಲ್ಲಿ, ಗಣಿ ಕೆಲಸಗಾರರಿಗೆ ಸಾಲಾಗಿ ಕಟ್ಟಿದ ಲೈನುಮನೆಯೊಂದಕ್ಕೆ ಸೊಸೆಯಾಗಿ ಬಂತು. ಗಂಡ ರಾಜ್‌ಕುಮಾರ್ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರ. ಅವನ ತಾತ ಗಣಿಯೊಳಗೆ ಇಳಿದವರು. ಮೊಮ್ಮಗನಿಗೆ ಮನೆಯ ಅಟ್ಟ ಹತ್ತುವುದೂ ಬೇಡದ ಕೆಲಸ.

ಇಂದ್ರಾಣಿ ಹತ್ತಿರದ ಊರಿಗಾಂನ ಹೆಂಗಸರ ಜಿಮ್‌ನಲ್ಲಿ ಟ್ರೈನರ್. ಜಿಮ್ ಶ್ಯಾಮಲ ಎಂಬವರದು. ಕಟ್ಟಡ ಒಂದು ಕಾಲಕ್ಕೆ ಗಣಿ ಕಂಪನಿಯ ಉಗ್ರಾಣವಾಗಿತ್ತು. ಗೋಡೆಗಳು ಎಷ್ಟು ದಪ್ಪವೆಂದರೆ ಬೇಸಿಗೆ ಒಳಗೆ ಬರಲು ತಡಮಾಡುತ್ತದೆ. ಚಿನ್ನ ತೆಗೆದು ಉಳಿದ ಪುಡಿಮಣ್ಣಿನ ಸೈನೈಡ್ ದಿಬ್ಬದ ಕಡೆಯಿಂದ ಗಾಳಿ ಎದ್ದಾಗ ಮಾತ್ರ ಎತ್ತರದ ಕಿಟಕಿಗಳನ್ನು ಕೋಲಿನಿಂದ ಮುಚ್ಚಬೇಕು. ಟೀಚರುಗಳು, ನರ್ಸುಗಳು, ಕಾರ್ಖಾನೆಯವರ ಹೆಂಡತಿಯರು ಕನ್ನಡ, ತಮಿಳು, ತೆಲುಗು ಮೂರರಲ್ಲೂ ಉಸ್ಸೆಂದು ಅಲ್ಲಿ ಬೆವರಿಳಿಸುತ್ತಿದ್ದರು.

ಕಷ್ಟವೆಂದರೆ ಬೆವರಿಗೂ ಒಂದು ಸೀಸನ್ನಿದೆ. ಮಕ್ಕಳ ಪರೀಕ್ಷೆ ಬಂದರೆ ಅರ್ಧ ಜನ ಇಲ್ಲ. ಮದುವೆಗಳು ಮುಗಿದರೆ ಉಳಿದರ್ಧ ಇಲ್ಲ. ಸೀರೆ ಉಡುವ ದಿನ ಕಳೆದಮೇಲೆ ಸೊಂಟ ಸಣ್ಣಗೆ ಮಾಡಿಕೊಂಡು ಯಾರಿಗೆ ತೋರಿಸಬೇಕು? ಎಷ್ಟು ಜನ ಬರುತ್ತಾರೋ ಅಷ್ಟು ಇಂದ್ರಾಣಿಯ ಸಂಬಳ.

"ಬರೀ ಬಾಯಲ್ಲಿ ಒನ್ ಟೂ ತ್ರೀ ಅಂತ ಎಷ್ಟು ವರ್ಷ ಕೂಗ್ತೀಯಮ್ಮಾ?" ಎಂದರು ಶ್ಯಾಮಲ ಒಂದು ದಿನ. "ಕೈಗೂ ಏನಾದ್ರೂ ಕಲ್ಸು. ಓಡೋರಿಗೆ, ಆಡೋರಿಗೆ ಮಾಡ್ತಾರಲ್ಲ, ಸ್ಪೋರ್ಟ್ಸ್ ಮಸಾಜು, ಅದು ಈ ಕಡೆ ಹೆಣ್ಮಕ್ಕಳಿಗೆ ಮಾಡೋರು ಯಾರೂ ಇಲ್ಲ. ಪಕ್ಕದ ರೂಮು ಕೊಡ್ತೀನಿ. ಯುಗಾದಿವರೆಗೂ ನೋಡೋಣ. ಅದರ ಬಾಡಿಗೆ ಅದು ದುಡಿದ್ರೆ ನಿಂದು. ಇಲ್ಲಾಂದ್ರೆ ಪ್ರೋಟೀನ್ ಪೌಡರ್ ಅಂಗಡಿಯವನು ಕೇಳ್ತಾನೇ ಇದ್ದಾನೆ."

ಇಂದ್ರಾಣಿ ಭಾನುವಾರಗಳಂದು ರೈಲು ಹತ್ತಿದಳು. ಬೆಂಗಳೂರಿನಲ್ಲಿ ತರಬೇತಿ. ಎಲ್ಲಿ ಒತ್ತಬೇಕು ಎಂಬುದಕ್ಕಿಂತ ಎಲ್ಲಿ ಒತ್ತಬಾರದು ಎಂಬುದನ್ನೇ ಅಲ್ಲಿ ಹೆಚ್ಚಾಗಿ ಕಲಿಸಿದರು. ಆಟಕ್ಕೆ ಮುಂಚೆ ಹೇಗೆ ಚುರುಕಾಗಿ ನೀವಬೇಕು, ಆಟ ಮುಗಿದ ಮೇಲೆ ಹೇಗೆ ನಿಧಾನವಾಗಿ ಸಡಿಲಿಸಬೇಕು, ಯಾವ ನೋವು ಕಂಡರೆ ಕೈ ಹಿಂತೆಗೆದು ಡಾಕ್ಟರ ಬಳಿಗೆ ಕಳಿಸಬೇಕು. ಮನೆಯಲ್ಲಿ ಅಭ್ಯಾಸಕ್ಕೆ ರಾಜ್‌ಕುಮಾರನ ಮೀನಖಂಡಗಳಿದ್ದವು. ಅವನು ಟಿವಿ ಮುಂದೆ ಕಾಲು ಚಾಚಿ, "ಪಾಠ ಚೆನ್ನಾಗಿ ಓದ್ಕೊ, ಇನ್ನೊಂದ್ಸಲ ಓದ್ಕೊ" ಎನ್ನುತ್ತಿದ್ದ.

ಮಸಾಜಿನ ಮೇಜು ಮಾಡಿಕೊಟ್ಟದ್ದು ರಾಬರ್ಟ್‌ಸನ್‌ಪೇಟೆಯ ಬಡಗಿ ಶ್ರೀನಿವಾಸಪ್ಪ.

"ಒಳ್ಳೇ ಪ್ಲೈವುಡ್ಡು ಕಣಮ್ಮ. ತೂತು ಯಾಕಮ್ಮ ಇದಕ್ಕೆ?"

"ಮುಖ ಇಡೋಕಣ್ಣ. ಬೋರಲು ಮಲಗಿದಾಗ ಕತ್ತು ತಿರುಗಬಾರದು, ಉಸಿರೂ ಆಡ್ಬೇಕು."

ಶ್ರೀನಿವಾಸಪ್ಪ ತಾನೇ ಹತ್ತಿ ಮಲಗಿ, ತೂತಿನಲ್ಲಿ ಮುಖವಿಟ್ಟು ಪರೀಕ್ಷಿಸಿದ. ಬಹಳ ಹೊತ್ತಾದರೂ ಏಳಲಿಲ್ಲ. "ಎಂಗೈತಣ್ಣ?" ಎಂದು ಕೇಳಿದರೆ ಕೆಳಗಿನಿಂದ ದನಿ ಬಂತು: "ನನ್ ಅಂಗಡೀಲಿ ಇಷ್ಟು ಮೊಳೆ ಬಿದ್ದಿದ್ದಾವೆ ಅಂತ ಗೊತ್ತೇ ಇರ್ಲಿಲ್ಲ."

ಇಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಕೆಡಿಸಿದ್ದು ಆದಿಲಕ್ಷ್ಮಮ್ಮನ ಹೆಮ್ಮೆ. ಬೂದಿಕೋಟೆಯ ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತಿದ್ದಾಗ ಅವಳು ಅಕ್ಕಪಕ್ಕದವರಿಗೆ ಹೇಳಿದಳು: "ನಮ್ ಪಾಪ ಉಳುಕು ತೆಗೆಯೋದನ್ನ ಬೆಂಗ್ಳೂರಲ್ಲಿ ಓದ್ಕೊಂಡು ಬಂದವ್ಳೆ. ಪಾಸೂ ಆಗೈತೆ."

ವಾರ ಕಳೆಯುವುದರೊಳಗೆ, ಒಂದು ಬೆಳಗ್ಗೆ ಜಿಮ್ಮಿನ ಬೀಗ ತೆಗೆಯಲು ಬಂದ ಶ್ಯಾಮಲ ಕಿಟಾರನೆ ಕಿರುಚಿದರು. ಜಗಲಿಯ ಮೇಲೆ ಸಾಲಾಗಿ ಜನ ಬೋರಲು ಬಿದ್ದಿದ್ದರು. ಬೀದಿಯವರು ಓಡಿಬಂದರು. ಸಾಲಿನ ತುದಿಯಲ್ಲಿದ್ದ ಕೋದಂಡಪ್ಪ ತಲೆಯೆತ್ತಿ ನೋಡಿದ.

"ಕಿರುಚ್ಬೇಡಮ್ಮ. ಬಿಸಿಲು ಬರೋದ್ರೊಳಗೆ ಪಾಪನ್ನ ಕರಿ. ಕಾಫಿನೂ ಕುಡೀದೆ ಫಸ್ಟ್ ಬಸ್ಸಿಗೆ ಬಂದಿದ್ದೀವಿ."

"ಯಾರಪ್ಪಾ ನೀವೆಲ್ಲಾ? ಇದು ಲೇಡೀಸ್ ಜಿಮ್ಮು!"

"ಲೇಡೀಸ್ ಕಾಲೇ ಬೇಕಾಗಿರೋದು ನಮ್ಗೆ. ಮೊದ್ಲು ಹುಟ್ಟು ಕಾಲು, ಈಗ ಸರ್ಟಿಫಿಕೇಟ್ ಇರೋ ಕಾಲು. ಇನ್ನು ಮ್ಯಾಲೆ ಉಳುಕು ಬಸ್ ಸ್ಟ್ಯಾಂಡಲ್ಲೇ ಇಳ್ದು ಓಡೋಗ್ತೈತೆ."

ಇಂದ್ರಾಣಿ ಬಂದಳು. ಏನು ಮಾಡಿಯಾಳು? ಚಪ್ಪಲಿ ಬಿಟ್ಟು, ಒಬ್ಬೊಬ್ಬರ ಸೊಂಟಕ್ಕೂ ಕಾಲು ಮುಟ್ಟಿಸಿದಳು. ಮುದುಕಿಯೊಬ್ಬಳು ಎದ್ದು ಅವಳ ಕೆನ್ನೆ ಸವರಿ, "ದೇವ್ರು ಚೆನ್ನಾಗಿಟ್ಟಿರ್ಲಿ ನನ್ತಾಯಿ" ಎಂದಾಗ, ಮೇಜಿನ ಮಾತು, ತರಬೇತಿಯ ಮಾತು, ಶುಲ್ಕದ ಮಾತು ಎಲ್ಲವನ್ನೂ ನಾಳೆಗೆ ಮುಂದೂಡಿದಳು. ಅವರು ಕಾಸು ಕೊಡುವಂತಿರಲಿಲ್ಲ; ಆದರೆ ಬರಿಗೈಯಲ್ಲಿ ಬರುವ ಜನರೂ ಅಲ್ಲ. ದಿನ ಬಿಟ್ಟು ದಿನ ಬರತೊಡಗಿದ ಅವರ ಜೊತೆಗೆ ಬೆಲ್ಲದ ಅಚ್ಚು ಬಂತು, ಸಿಹಿಗುಂಬಳ ಬಂತು, ಟೊಮೆಟೊ ಬಂತು. ಅವರೆಕಾಯಿಯ ಕಾಲ ಬೇರೆ. ಪಕ್ಕದ ಕೋಣೆಯ ಹೊಸ ಮೇಜು ಸೊಗಡಿನ ಕಾಯಿ ರಾಶಿಯ ಕೆಳಗೆ ಮುಚ್ಚಿಹೋಯಿತು.

"ಏನಮ್ಮಾ ಇದು?" ಎಂದರು ಶ್ಯಾಮಲ ಮೂಗು ಮುಚ್ಚಿಕೊಂಡು. "ಪೌಡರ್ ಅಂಗಡಿ ಬೇಡಾಂತ ನಿಂಗೆ ಕೊಟ್ರೆ, ನೀನು ತರಕಾರಿ ಮಂಡಿ ಇಟ್ಟಿದ್ದೀಯ. ಯುಗಾದಿ ಎಷ್ಟು ದೂರ ಇದೆ ಗೊತ್ತಲ್ಲ?" ಆದರೂ ಮನೆಗೆ ಹೋಗುವಾಗ ಅವರ ಚೀಲದಲ್ಲಿ ಅವರೆಕಾಯಿ ಇತ್ತು.

ಮೇಜಿನ ಮೇಲೆ ಮೊದಲು ಮಲಗಿದವಳು ನವ್ಯ. ಬಂಗಾರಪೇಟೆಯ ಹುಡುಗಿಯರ ಕಬಡ್ಡಿ ತಂಡದ ರೈಡರ್. ಎದುರಾಳಿಯ ಅಂಗಳದೊಳಗೆ ನುಗ್ಗಿ ಬರುವ ಅವಳ ಮೀನಖಂಡ, ಆಟದ ದ್ವಿತೀಯಾರ್ಧ ಬಂದರೆ ಕಲ್ಲಿನಂತೆ ಗಟ್ಟಿಯಾಗುತ್ತಿತ್ತು. ಇಂದ್ರಾಣಿ ಆ ಕಲ್ಲಿನ ಸುತ್ತ ಬೆರಳಾಡಿಸುತ್ತ, ಒತ್ತಿ, ಬಿಟ್ಟು, ಮತ್ತೆ ಒತ್ತಿ ಕರಗಿಸಿದಳು. ಕೆಲವು ಸಲ ಬಂದಮೇಲೆ ನವ್ಯ ಪೂರ್ತಿ ಆಟ ಆಡಿ ಬಂದು ಕುಣಿದಳು.

"ಅಕ್ಕ, ಎಷ್ಟು ಕೊಡ್ಬೇಕು? ಪ್ರತಿ ಸಲ ಹೇಳ್ತೀನಿ ಅಂತ ತಪ್ಪಿಸ್ಕೊಂತೀರ."

ಇಂದ್ರಾಣಿ ಹೇಳಿದಳು. ಹೇಳುವಾಗ ಕಿವಿ ಬಿಸಿಯಾಯಿತು. ನವ್ಯ ಕ್ಯಾಂಟೀನಿನಲ್ಲಿ ಟೀಗೆ ಕೊಡುವಷ್ಟೇ ಸಲೀಸಾಗಿ ಫೋನಿನಿಂದ ಹಣ ಕಳಿಸಿ, ಬ್ಯಾಗು ಹೆಗಲಿಗೇರಿಸಿ ರೈಲಿಗೆ ಓಡಿದಳು. ಆಮೇಲೆ ತಂಡದ ಕೋಚ್ ಆಂಜಿನಪ್ಪನೇ ಬಂದ. ಯುಗಾದಿಯಾದ ಮೇಲೆ ದೊಡ್ಡ ಪಂದ್ಯಾವಳಿಯಿದೆ, ಅಲ್ಲಿಯವರೆಗೆ ಪ್ರತಿ ವಾರವೂ ಇಡೀ ತಂಡವನ್ನು ಕರೆತರುತ್ತೇನೆ ಎಂದ. ಅಷ್ಟು ಸಾಕಿತ್ತು, ಕೋಣೆ ಉಳಿಯುತ್ತಿತ್ತು.

ಆದರೆ ಆಂಜಿನಪ್ಪನ ಹೆಂಡತಿಯ ತವರು ಬೂದಿಕೋಟೆ. ಮಾರನೆಯ ದಿನವೇ ತಾಯಿಯ ಫೋನು ಬಂತು.

"ಕಾಸು ಇಸ್ಕೊಂಡ್ಯಂತೆ?"

"ಇಸ್ಕೊಂಡೆನಮ್ಮ. ಕಲಿಯೋಕೆ ಅಷ್ಟು ಕಷ್ಟಪಟ್ಟಿಲ್ವಾ?"

"ಏನ್ ಕಲ್ತಿದ್ದು? ಕಾಲು ಮುಂದ್ಮಾಡಿ ಹುಟ್ಟೋದನ್ನ ಒಟ್ಟೆಯೊಳ್ಗೇ ಕಲ್ತ್ಕೊಂಡ್ ಬಂದ್ಯಾ? ಇಷ್ಟು ವರ್ಷ ಒಂದು ಕಾಸು ಮುಟ್ಟಿಲ್ಲ ನಾನು. ನಿನ್ ಕಾಲಿನ ಗುಣ ಓಯ್ತು ಅಂದ್ರೆ ಊರೋರ ಮುಂದೆ ನಾನು ಎಂಗೆ ನಿಂತ್ಕೊಳ್ಳೋದೇ?"

ಇಂದ್ರಾಣಿ ಉತ್ತರಿಸುವ ಮೊದಲೇ ಫೋನು ಕಟ್ಟಾಯಿತು. ಆದಿಲಕ್ಷ್ಮಮ್ಮ ಊರೋರ ಮುಂದೆ ನಿಂತುಕೊಳ್ಳುವ ಪ್ರಶ್ನೆ ಬಹುಬೇಗ ಬಂದೇ ಬಂತು, ಬೇರೆ ರೀತಿಯಲ್ಲಿ. ಆ ಸಂಜೆ ಡೈರಿಯ ಮೆಟ್ಟಿಲ ಮೇಲೆ ಹಾಲಿನ ಕ್ಯಾನು ಎತ್ತಿದವಳು ಹಾಗೆಯೇ ಬಾಗಿ ಉಳಿದಳು. ಸೊಂಟ ಹಿಡಿದಿತ್ತು. ಕ್ಯಾನನ್ನು ಅವಳ ಕೈಯಿಂದ ಬಿಡಿಸಿ, ನಾಲ್ಕಾರು ಜನ ಸೇರಿ, ಬಾಗಿದ್ದವಳನ್ನು ಬಾಗಿದ ಹಾಗೆಯೇ ಮನೆಗೆ ನಡೆಸಿದರು. ಡೈರಿಯಲ್ಲಿ ತೀರ್ಪೂ ಆಗಿಹೋಯಿತು: ಮಗಳು ಕಾಸು ಮುಟ್ಟಿದಳು, ತಾಯಿಯ ಸೊಂಟ ಹಿಡಿಯಿತು.

ಆಸ್ಪತ್ರೆಗೆ ನಡಿ ಎಂದರೆ ಆದಿಲಕ್ಷ್ಮಮ್ಮ ಒಪ್ಪಲಿಲ್ಲ. ಕೋದಂಡಪ್ಪನ ಫೋನಿನಲ್ಲೇ ಮಗಳಿಗೆ ಹೇಳಿದಳು: "ಬೆಳಿಗ್ಗೆ ಬಾ. ನಿನ್ ಕಾಲಿಡು. ಬಿಡ್ತು ಅಂದ್ರೆ ನಾನೇ ಬಾಯ್ಮುಚ್ಕೊಂತೀನಿ. ಬಿಡ್ಲಿಲ್ಲ ಅಂದ್ರೆ ಆ ಮೇಜು ಮಾರ್ಬೇಕು ನೀನು. ಸರೀನಾ?"

"ಸರಿ ಅಮ್ಮ" ಎಂದುಬಿಟ್ಟಳು ಇಂದ್ರಾಣಿ.

ನಸುಕಿನಲ್ಲಿ ರಾಜ್‌ಕುಮಾರ್ ಬೈಕು ತೆಗೆದ. ಬೈಕು ಬಂಗಾರಪೇಟೆ ದಾಟಿತು.

"ಬಿಡದೆ ಹೋದ್ರೆ ಏನ್ರೀ ಮಾಡೋದು?" ಎಂದಳು ಇಂದ್ರಾಣಿ ಹಿಂದಿನಿಂದ. "ಸೊಂಟ ಹಿಡಿದ್ರೆ ಕೆಲವರಿಗೆ ವಾರ ಆದ್ರೂ ಬಿಡಲ್ಲ. ಕಾಲಿಟ್ರೂ ಅಷ್ಟೇ, ಇಡದಿದ್ರೂ ಅಷ್ಟೇ."

"ಮಾತು ಕೊಡುವಾಗ ಇದೆಲ್ಲ ಹೇಳ್ಬೇಕಿತ್ತು ತಾನೇ?"

"ಅಮ್ಮ ನೋವಲ್ಲಿ ಕೇಳಿದ್ಲು. ಇಲ್ಲ ಅನ್ನೋಕಾಗುತ್ತಾ?"

ಅವನು ಗುಂಡಿಯೊಂದನ್ನು ತಪ್ಪಿಸಿ ಓಡಿಸಿದ. "ಹೋಗ್ಲಿ ಬಿಡು. ಮೇಜು ಮಾರಿದ್ರೂ ನನ್ನ ಮೀನಖಂಡ ಎಲ್ಲೂ ಹೋಗಲ್ಲ. ಪರ್ಮನೆಂಟ್ ಗಿರಾಕಿ." ಅವಳು ಅವನ ಬೆನ್ನಿಗೊಂದು ಗುದ್ದಿದಳು. ಗುದ್ದಿದ್ದರಿಂದ ಅವಳಿಗೇ ಸ್ವಲ್ಪ ಧೈರ್ಯ ಬಂತು.

ಮನೆಯ ಮುಂದೆ ಡೈರಿಯ ಹೆಂಗಸರೆಲ್ಲ ನೆರೆದಿದ್ದರು. ನಡುವೆ, ಅದೇ ಹಳೆಯ ಬಗೆಯ ಗೋಣಿಚೀಲದ ಮೇಲೆ, ಆದಿಲಕ್ಷ್ಮಮ್ಮ ಬೋರಲು ಮಲಗಿದ್ದಳು. ಇಂದ್ರಾಣಿ ಪಕ್ಕದಲ್ಲಿ ಕುಳಿತಳು.

"ಅಮ್ಮ, ನೋವು ಕಾಲಿಗೆ ಇಳಿಯುತ್ತಾ? ಪಾದ ಜೋಮು ಹಿಡಿದಂಗೆ ಆಗುತ್ತಾ?"

"ಇಲ್ಲ. ಸೊಂಟ ಒಂದೇ. ಡಾಕ್ಟ್ರಮ್ಮನಂಗೆ ಕೇಳ್ಬೇಡ, ಕಾಲಿಡು. ಹೊತ್ತು ಉಟ್ತೈತೆ."

ಅವಳು ಬೆರಳುಗಳಿಂದ ಬೆನ್ನೆಲುಬಿನ ಎರಡೂ ಬದಿ ನಿಧಾನವಾಗಿ ತಡವಿ ನೋಡಿದಳು. ಎಲುಬಿನ ಮೇಲೆ ನೋವಿರಲಿಲ್ಲ. ಬದಿಯ ಮಾಂಸಖಂಡ ಮಾತ್ರ ಹಗ್ಗದ ಹಾಗೆ ಬಿಗಿದುಕೊಂಡಿತ್ತು. ಇಷ್ಟಾದರೆ ತಾನು ಮುಟ್ಟಬಹುದು ಎಂದು ಗಟ್ಟಿ ಮಾಡಿಕೊಂಡು ಎದ್ದಳು. ರೂಢಿಯಂತೆ, ಭಾರ ಬಿಡದೆ, ಮೂರು ಸಲ ಪಾದ ಮುಟ್ಟಿಸಿದಳು.

"ಏಳಕ್ಕ" ಎಂದ ಕೋದಂಡಪ್ಪ, ಕಾಂಪೌಂಡಿನ ಆಚೆಯಿಂದ.

ಆದಿಲಕ್ಷ್ಮಮ್ಮ ಕೈ ಊರಿ ಎದ್ದಳು, ಅರ್ಧದಲ್ಲೇ "ಅಮ್ಮಾ" ಎಂದು ಕುಸಿದಳು. ಗುಂಪಿನಲ್ಲಿ ಯಾರೋ ಲೊಚಗುಟ್ಟಿದರು. "ಓಯ್ತು ಬಿಡು ಗುಣ" ಎಂದಿತು ಇನ್ನೊಂದು ಬಾಯಿ. ಕೋದಂಡಪ್ಪ, ಸಾಕ್ಷಿ ಹೇಳಬೇಕಾಗಿ ಬಂದೀತೆಂದು, ಆಕಾಶ ನೋಡತೊಡಗಿದ.

"ಇನ್ನೂ ಮುಗಿದಿಲ್ಲ" ಎಂದಳು ಇಂದ್ರಾಣಿ. ಅವಳ ದನಿ ಜಿಮ್ಮಿನ ದನಿಯಾಗಿತ್ತು. "ಗಂಡಸರೆಲ್ಲ ಆಚೆ ತಿರುಗಿ. ಯಾರಾದ್ರೂ ಹರಳೆಣ್ಣೆ ಬೆಚ್ಚಗೆ ಮಾಡ್ಕೊಂಡು ಬನ್ನಿ."

ಎಣ್ಣೆ ಬಂತು. ತಾಯಿಯ ರವಿಕೆಯನ್ನು ಸಡಿಲಿಸಿ ಮೇಲಕ್ಕೆ ಸರಿಸಿ ಅವಳು ಕೈಯಿಟ್ಟಳು. ಇಟ್ಟ ಕೈ ಒಂದು ಕ್ಷಣ ಹಾಗೆಯೇ ನಿಂತಿತು. ಈ ಬೆನ್ನನ್ನು ಅವಳು ಕಂಡೇ ಇರಲಿಲ್ಲ. ಊರಿನ ಸೊಂಟಗಳನ್ನೆಲ್ಲ ತುಳಿದವಳು ತಾಯಿಯದನ್ನು ತುಳಿದಿರಲಿಲ್ಲ. ಮಗಳ ರಟ್ಟೆ ಹಿಡಿದು ನಿಲ್ಲಿಸಲು ಆದಿಲಕ್ಷ್ಮಮ್ಮ ಬೇಕಿತ್ತಲ್ಲ, ಅವಳೇ ಮಲಗಿದರೆ ಹಿಡಿಯುವವರು ಯಾರು? ಹೆಗಲ ಬಳಿ ಹುಲ್ಲಿನ ಹೊರೆ ಹೊತ್ತ ಗಂಟು. ಪಕ್ಕೆಯಲ್ಲಿ, ಮಗುವನ್ನು ಎತ್ತಿಕೊಂಡ ಕಡೆಗೇ ವಾಲಿದ ಒಂದು ಸಣ್ಣ ಬಾಗು. ಮೊದಲು ಅಂಗೈಯಿಂದ ಉದ್ದಕ್ಕೂ ಎಣ್ಣೆ ಬಳಿದಳು. ಆಮೇಲೆ ಬಿಗಿದ ಜಾಗದ ದೂರದಿಂದ ಶುರುಮಾಡಿ, ನೆಂಟರ ಮನೆಗೆ ಹೋದವರು ಅಂಗಳದಲ್ಲಿ ಕೆಮ್ಮಿ ಒಳಗೆ ಹೋಗುವ ಹಾಗೆ, ಹತ್ತಿರ ಹತ್ತಿರ ಬಂದಳು. ಉಸಿರು ಬಿಟ್ಟಾಗ ಒತ್ತಿದಳು, ಎಳೆದುಕೊಂಡಾಗ ಬಿಟ್ಟಳು. ಸೊಂಟದ ಹಗ್ಗ ಬೆರಳ ಕೆಳಗೆ ಹಟ ಹಿಡಿಯಿತು, ನಡುಗಿತು, ಆಮೇಲೆ ಎಳೆ ಎಳೆಯಾಗಿ ಸಡಿಲವಾಯಿತು.

ಬಿಸಿಲು ಗೋಡೆಯಿಂದ ಇಳಿದು ಗೋಣಿಚೀಲದ ಅಂಚಿಗೆ ಬಂತು.

"ಏನಾಯ್ತು?" ಎಂದು ಆಚೆಯಿಂದ ಪಿಸುಗುಟ್ಟಿದ ಕೋದಂಡಪ್ಪ.

"ಗೊರಕೆ ಒಡೀತಾವ್ಳೆ" ಎಂದಳು ಒಬ್ಬ ಹೆಂಗಸು.

ಎಚ್ಚರವಾದಾಗ ಆದಿಲಕ್ಷ್ಮಮ್ಮ ತಾನೇ ಮಗ್ಗುಲಾದಳು. ಮಗಳು ಹೇಳಿದಂತೆ ಮೊಣಕಾಲೂರಿ, ಗೋಡೆ ಹಿಡಿದು, ನಿಧಾನವಾಗಿ ನಿಂತಳು. ಪೂರ್ತಿ ನೆಟ್ಟಗಲ್ಲ, ಆದರೂ ನಿಂತಳು. ಒಂದು ಹೆಜ್ಜೆ ಇಟ್ಟಳು. ಇನ್ನೊಂದನ್ನೂ ಇಟ್ಟಳು.

"ಕಾಲು!" ಎಂದು ಕೂಗಿದ ಕೋದಂಡಪ್ಪ. "ನಾನೇಳ್ಲಿಲ್ವಾ? ಪಾಪನ ಕಾಲಿನ ಗುಣ ಎಲ್ಲೂ ಓಗಿಲ್ಲ!"

ಇಂದ್ರಾಣಿ ಕೈಯ ಎಣ್ಣೆ ಒರೆಸಿಕೊಂಡಳು. ಗೆದ್ದಾಯಿತಲ್ಲ, ಕಾಲು ಎಂದರೇನು, ಕೈ ಎಂದರೇನು. ಆದರೆ ಆದಿಲಕ್ಷ್ಮಮ್ಮ ಸುಮ್ಮನಿರಲಿಲ್ಲ.

"ಬಾಯ್ಮುಚ್ಚಲಾ ಕೋದಂಡ. ಕಾಲಿಟ್ಟಾಗ ನಾನು ಬಿದ್ದಿದ್ದು ನೀನು ಕಾಣ್ಲಿಲ್ವಾ? ನನ್ ಸೊಂಟ ಬಿಡಿಸಿದ್ದು ಯಾವ್ದು ಅಂತ ನನ್ ಸೊಂಟಕ್ಕೆ ಗೊತ್ತಿಲ್ವಾ?"

ಅವಳು ಒಳಗೆ ಹೋದಳು. ಡಬ್ಬಿಗಳ ಸದ್ದಾಯಿತು. ಬರುವಾಗ ಒಂದು ಕೈಯಲ್ಲಿ ಬೆಲ್ಲದ ಚೂರು, ಇನ್ನೊಂದರಲ್ಲಿ ಮಡಿಸಿದ ನೋಟು.

"ಇದು ಕಾಲಿಗೆ" ಎಂದು ಬೆಲ್ಲವನ್ನು ಮಗಳ ಬಾಯಿಗೇ ಇಟ್ಟಳು. "ಇದು ಕೈಗೆ."

"ಅಮ್ಮ, ನಿನ್ ಅತ್ರ ಇಸ್ಕೊಳ್ಳೋದಾ?" ಬೆಲ್ಲದ ನಡುವೆ ಮಾತು ತೊದಲಿತು.

"ಯಾಕೆ, ನಂದು ಕಾಸಲ್ವಾ? ಕಂಡೋರ ಹೊಲದಲ್ಲಿ ಕಳೆ ಕಿತ್ತೋಳು ಕಣೇ ನಾನು. ಕೂಲಿ ಕೊಡ್ದೆ ಯಾವನಾದ್ರೂ ಕಳ್ಸಿದ್ರೆ ಸುಮ್ನೆ ಬತ್ತಿದ್ನಾ? ಕಾಲು ದೇವ್ರು ಕೊಟ್ಟಿದ್ದು, ಅದುಕ್ಕೆ ಬೆಲ್ಲ ಸಾಕು. ಕೈ ನೀನು ರೈಲಲ್ಲಿ ಓಗಿ ಕಲ್ತಿದ್ದು. ಇಸ್ಕೊ." ಆಮೇಲೆ ಗುಂಪಿನ ಕಡೆ ತಿರುಗಿದಳು. "ಎಲ್ರೂ ಕೇಳುಸ್ಕೊಂಡ್ರಾ?"

ಎಲ್ಲರೂ ಕೇಳಿಸಿಕೊಂಡಿದ್ದರು. ಕೋದಂಡಪ್ಪ ಮೊದಲು ಬಾಯಿ ಬಿಟ್ಟ: "ಅಂಗಾದ್ರೆ ನಂಗೆ ಕಾಲೇ ಇರ್ಲಿ ಪಾಪ." ನಗು ಡೈರಿಯವರೆಗೆ ಕೇಳಿಸಿತು.

ಆ ಯುಗಾದಿಗೆ ಶ್ಯಾಮಲ ಬೇವುಬೆಲ್ಲದ ಜೊತೆಗೆ ಪಕ್ಕದ ಕೋಣೆಯ ಬೀಗದ ಕೈಯನ್ನೂ ಇಂದ್ರಾಣಿಯ ಅಂಗೈಯಲ್ಲಿಟ್ಟರು. ನವ್ಯಳ ತಂಡ ವಾರವಾರವೂ ಗದ್ದಲವೆಬ್ಬಿಸಿಕೊಂಡು ರೈಲಿಳಿಯುತ್ತದೆ. ಕಾಲು ಬೇಕಾದವರು ಈಗ ಊರಿಗಾಂಗೆ ಬರುವುದಿಲ್ಲ. ಭಾನುವಾರ ಬೆಳಗ್ಗೆ ಬೂದಿಕೋಟೆಯಲ್ಲೇ, ಗೋಣಿಚೀಲದ ಮೇಲೆ, ಬೆಲ್ಲಕ್ಕೆ. ಅವರಲ್ಲಿ ಕೆಲವು ಹೆಂಗಸರು ಕಾಲು ಮುಟ್ಟಿಸಿಕೊಂಡು ಎದ್ದಮೇಲೆ, "ಪಾಪ, ಆ ಮೇಜಿಗೆ ಎಷ್ಟೊತ್ತಿಗೆ ಬರ್ಬೇಕು?" ಎಂದು ಮೆಲ್ಲಗೆ ಕೇಳುತ್ತಾರೆ.

ಆದಿಲಕ್ಷ್ಮಮ್ಮನೂ ಆಗಾಗ ಬಸ್ಸು ಹಿಡಿದು ಬರುತ್ತಾಳೆ. ತಿಂದು ಬಾ ಎಂದು ಎಷ್ಟು ಹೇಳಿದರೂ ಖಾಲಿ ಹೊಟ್ಟೆಯಲ್ಲೇ ಬರುವುದು. ಮೇಜು ಹತ್ತಿ, ತೂತಿನಲ್ಲಿ ಮುಖವಿಟ್ಟು, ಊರ ಸುದ್ದಿಯನ್ನೆಲ್ಲ ನೆಲಕ್ಕೆ ಹೇಳುತ್ತಾಳೆ. ಇಂದ್ರಾಣಿ ಮೇಲೆ ನಿಂತು ನೀವುತ್ತ ಹೂಂಗುಟ್ಟುತ್ತಾಳೆ. ಮೊನ್ನೆ ಮಾತು ನಡುವೆಯೇ ನಿಂತಿತು. ನಿದ್ದೆ ಹತ್ತಿತೇನೋ ಎಂದು ಮಗಳು ಕೈ ಹಗುರ ಮಾಡಿದಳು.

"ಇದ್ರಿಂದ ನಿನ್ ಕಾಲೊಂದೇ ಕಣೇ ಕಾಣೋದು" ಎಂದಿತು ಕೆಳಗಿನಿಂದ ದನಿ. "ಮೊದ್ಲು ಕಂಡಿದ್ದೂ ಅದೇ." ಇಂದ್ರಾಣಿ ಅಂಗೈಗೆ ಇನ್ನಷ್ಟು ಎಣ್ಣೆ ಸುರಿದುಕೊಂಡಳು. "ಉಗುರು ತೆಕ್ಕೊಳ್ಳೋಕೂ ಟೈಮಿಲ್ವೇನೇ ನಿಂಗೆ?"